ಮೂರು ಕೋತಿಗಳ ಹಳೆಯ ಮಲೇರಿಯಾ: ಲಸಿಕೆ ಪ್ರಯೋಗವೊಂದರ ಪ್ರಕರಣ ಅಧ್ಯಯನ

ಇದು ತುಮಕೂರು ಜಿಲ್ಲೆಯ ಒಂದು ಪ್ರಾಣಿಗೃಹದ ಪ್ರಕರಣ. ಗುರುತು ಸಿಗಬಾರದೆಂದು ಸಂಸ್ಥೆ, ವ್ಯಕ್ತಿ, ವರ್ಷ ಯಾವುದನ್ನೂ ಹೇಳಿಲ್ಲ, ಪ್ರಾಣಿಗಳ ನಂಬರನ್ನೂ ಬದಲಿಸಿದೆ. ಇಂಥ ಕೆಲಸದಲ್ಲಿ ಬೇರೆ ಬೇರೆ ಕಡೆ ಎದುರಾಗುವ ತೊಡಕುಗಳನ್ನು ಒಂದೇ ಪ್ರಕರಣದ ಚೌಕಟ್ಟಿಗೆ ತಂದು ಬರೆದಿದೆ.

ಹಿನ್ನೆಲೆ

ಪರೀಕ್ಷೆಗೆ ಬಂದಿದ್ದು ವೈವಾಕ್ಸ್ ಮಲೇರಿಯಾದ ರಕ್ತಹಂತವನ್ನು ತಡೆಯಬೇಕಾದ ಒಂದು ಲಸಿಕೆ. ಪ್ಲಾಸ್ಮೋಡಿಯಂ ವೈವಾಕ್ಸ್‌ನ ಮೆರೊಜೊಯಿಟ್ (ಕೆಂಪುಕಣಕ್ಕೆ ನುಗ್ಗುವ ರೂಪ) ಮೈಮೇಲೆ ಎಂಎಸ್‌ಪಿ-1 ಎಂಬ ದೊಡ್ಡ ಪ್ರೋಟೀನಿದೆ. ಅದರ ಬಾಲದ ಕಡೆಯ 19 ಕಿಲೋಡಾಲ್ಟನ್ ತುಂಡನ್ನು ಈ-ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಶುದ್ಧ ಮಾಡಿದ್ದರು. ಇಲಿಯಲ್ಲೂ ಮೊಲದಲ್ಲೂ ಪ್ರತಿಕಾಯ ಚೆನ್ನಾಗಿ ಬಂದಿತ್ತು. ಆದರೆ ಇಲಿಯಲ್ಲಿ ಎಲ್ಲ ಲಸಿಕೆಯೂ ಚೆನ್ನಾಗಿಯೇ ಬರುತ್ತದೆ ಎನ್ನುವುದು ಈ ಕ್ಷೇತ್ರದವರ ಹಳೇ ತಮಾಷೆ. ಮನುಷ್ಯರಿಗೆ ಚುಚ್ಚುವ ಮೊದಲು ಕೋತಿಯಲ್ಲಿ ನೋಡೋಣ ಎಂದು ತಂಡ ಪ್ರಸ್ತಾವ ಬರೆಯಿತು.

ಕೋತಿ ಎಂದರೆ ಇಲ್ಲಿ ದೇವರಾಯನದುರ್ಗದಲ್ಲಿ ಪ್ರಸಾದ ಕಿತ್ತುಕೊಳ್ಳುವ ಅದೇ ಬಾನೆಟ್ ಮಕಾಕ್. ಪ್ರಾಣಿಗೃಹದಲ್ಲಿ ಹಿಂದೆ ಅನುಮತಿ ಪಡೆದು ತಂದವು ಕೆಲವಿದ್ದವು, ಅಲ್ಲೇ ಹುಟ್ಟಿದವು ಕೆಲವಿದ್ದವು. ಪ್ರಸ್ತಾವದಲ್ಲಿ 12 ಪ್ರಾಣಿ, ನಾಲ್ಕರಂತೆ ಮೂರು ಗುಂಪು. ಮೊದಲ ಗುಂಪಿಗೆ ಪ್ರೋಟೀನು ಮತ್ತು ಆಲಂ (ಅಲ್ಯೂಮಿನಿಯಂ ಲವಣ), ಎರಡನೆಯದಕ್ಕೆ ಪ್ರೋಟೀನು ಮತ್ತು ಎಣ್ಣೆ ಆಧಾರಿತ ಅಡ್ಜುವೆಂಟ್ (ಲಸಿಕೆಯ ಪರಿಣಾಮ ಹೆಚ್ಚಿಸುವ ಪೂರಕ), ಮೂರನೆಯದಕ್ಕೆ ಬರೀ ಅಡ್ಜುವೆಂಟ್. ಚುಚ್ಚುಮದ್ದು 0, 28 ಮತ್ತು 56ನೇ ದಿನ. ಕೊನೆಯಲ್ಲಿ ಮಲೇರಿಯಾ ಸೋಂಕು ಹತ್ತಿಸಿ ಯಾವ ಗುಂಪು ತಡೆಯುತ್ತದೆಂದು ನೋಡುವುದು.

ಇಲಿ, ಮೊಲದ ಪ್ರಯೋಗಕ್ಕೆ ಸಂಸ್ಥೆಯೊಳಗಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಸಾಕು. ಕೋತಿಯಂಥ ದೊಡ್ಡ ಪ್ರಾಣಿಯಾದರೆ ಸಮಿತಿಯ ಶಿಫಾರಸಿನೊಂದಿಗೆ ಕಡತ ಕೇಂದ್ರ ಸಮಿತಿಗೆ ಹೋಗಬೇಕು. ಕಾಡಿನಿಂದ ಹೊಸದಾಗಿ ಹಿಡಿಯುವುದಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 12ನೇ ಕಲಮಿನ ಪರವಾನಗಿಯೂ ಬೇಕು. ಊರಲ್ಲಿ ಕಾಟ ಕೊಡುವ ಕೋತಿಯನ್ನು ಹಿಡಿದು ಲ್ಯಾಬಿಗೆ ಕೊಟ್ಟರೆ ಇಬ್ಬರಿಗೂ ಅನುಕೂಲ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಅದು ಕಾನೂನಿಗೂ ಒಗ್ಗದು, ವಿಜ್ಞಾನಕ್ಕೂ ಒಗ್ಗದು. ವಿಜ್ಞಾನಕ್ಕೆ ಏಕೆ ಒಗ್ಗದು ಎನ್ನುವುದಕ್ಕೆ ಈ ಪ್ರಕರಣವೇ ಉದಾಹರಣೆ.

ಸೋಂಕು ಯಾವುದರಿಂದ ಹತ್ತಿಸುವುದು?

ಮೊದಲ ತಿರುವು ಸಮಿತಿಯ ಸಭೆಯಲ್ಲೇ ಬಂತು. ವಿಜ್ಞಾನಿಯಲ್ಲದ ಸದಸ್ಯರೊಬ್ಬರು, ನಿವೃತ್ತ ಮೇಷ್ಟ್ರು, ಕೇಳಿದರು: "ಸಾರ್, ನಮ್ಮ ಕೋತಿಗೆ ಮನುಷ್ಯರ ವೈವಾಕ್ಸ್ ಹತ್ತುತ್ತದೆಯೇ? ಹತ್ತದಿದ್ದರೆ ಲಸಿಕೆ ಕಾಪಾಡಿತು ಅಂತ ಯಾವ ಲೆಕ್ಕದಲ್ಲಿ ಹೇಳ್ತೀರಿ?"

ಹತ್ತುವುದಿಲ್ಲ. ಮನುಷ್ಯರ ಇನ್ನೊಂದು ಮಲೇರಿಯಾವಾದ ಫಾಲ್ಸಿಪಾರಮ್ ಆಗಲಿ ವೈವಾಕ್ಸ್ ಆಗಲಿ ಏಷ್ಯಾದ ಮಕಾಕ್ ಕೋತಿಗಳಲ್ಲಿ ಬೆಳೆಯುವುದಿಲ್ಲ. ಅವು ಬೆಳೆಯುವುದು ದಕ್ಷಿಣ ಅಮೆರಿಕದ ಏಓಟಸ್ ಮತ್ತು ಸೈಮಿರಿ ಎಂಬ ಸಣ್ಣ ಕೋತಿಗಳಲ್ಲಿ. ಅಲ್ಲೂ ಎಷ್ಟೋ ಸಲ ಗುಲ್ಮ ತೆಗೆದರೆ ಮಾತ್ರ ರಕ್ತದಲ್ಲಿ ಪರೋಪಜೀವಿ ಸಾಕಷ್ಟು ಏರುತ್ತದೆ. ಗುಲ್ಮವಿಲ್ಲದ ಕೋತಿಯಲ್ಲಿ ಸಿಕ್ಕ ರಕ್ಷಣೆಯನ್ನು ಗುಲ್ಮವಿರುವ ಮಗುವಿಗೆ ಅನ್ವಯಿಸುವಾಗ ಕೈ ತಡೆಯಬೇಕು.

ಮಕಾಕ್‌ಗೆ ಅದರದೇ ಮಲೇರಿಯಾಗಳಿವೆ. ಪ್ಲಾಸ್ಮೋಡಿಯಂ ಸೈನೋಮೋಲ್ಗಿ ರಕ್ತದಲ್ಲಿ 48 ಗಂಟೆಗೊಂದು ಪೀಳಿಗೆಯ ಚಕ್ರದ್ದು, ವೈವಾಕ್ಸ್‌ನ ಹತ್ತಿರದ ನೆಂಟ. ವೈವಾಕ್ಸ್‌ನಂತೆ ಯಕೃತ್ತಿನಲ್ಲಿ ನಿದ್ರೆ ಹೋಗಿ ಮತ್ತೆ ಏಳುತ್ತದೆ. ಮಲೇರಿಯಾ ಪರೋಪಜೀವಿಗೆ ಯಕೃತ್ತಿನ ಹಂತವಿದೆ ಎಂದು ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ 1948ರಲ್ಲಿ ತೋರಿಸಿದ್ದು ಇದೇ ಸೈನೋಮೋಲ್ಗಿ ಸೋಂಕಿದ ರೀಸಸ್ ಕೋತಿಯಲ್ಲಿ. ಕೋಟ್ನೆಯಿ ಎಂಬುದು ಫಾಲ್ಸಿಪಾರಮ್‌ನಂತೆ ಸಣ್ಣ ರಕ್ತನಾಳಗಳಿಗೆ ಅಂಟಿಕೊಳ್ಳುತ್ತದೆ. ನೌಲೆಸಿ 24 ಗಂಟೆಗೊಮ್ಮೆ ಪೀಳಿಗೆ ಮುಗಿಸುತ್ತದೆ. ಕಲ್ಕತ್ತೆಯಲ್ಲಿ ನೌಲ್ಸ್ ಮತ್ತು ದಾಸ್‌ಗುಪ್ತ 1932ರಲ್ಲಿ ವಿವರಿಸಿದ ಪರೋಪಜೀವಿ ಇದೇ. ಇನೂಯಿ 72 ಗಂಟೆಯದು. ಗದ್ದಲವಿಲ್ಲದೆ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಈ ಇನೂಯಿಯನ್ನು ನೆನಪಿಟ್ಟುಕೊಳ್ಳಿ.

ಹೀಗಾಗಿ ತಂಡದ ಮುಂದೆ ಎರಡೇ ದಾರಿ. ವೈವಾಕ್ಸ್ ಪ್ರೋಟೀನಿನ ಬದಲು ಸೈನೋಮೋಲ್ಗಿಯ ಅದೇ ತುಂಡನ್ನು ತಯಾರಿಸಿ ಸೈನೋಮೋಲ್ಗಿ ಹತ್ತಿಸಿದರೆ ಕಲ್ಪನೆಯ ಪರೀಕ್ಷೆಯಾಗುತ್ತದೆ, ಮನುಷ್ಯರಿಗೆ ಕೊಡಬೇಕಾದ ಮದ್ದಿನದಲ್ಲ. ವೈವಾಕ್ಸ್ ಪ್ರೋಟೀನನ್ನೇ ಕೊಟ್ಟು ಪ್ರತಿಕಾಯವನ್ನಷ್ಟೇ ಅಳೆದರೆ ಮದ್ದಿನ ಪರೀಕ್ಷೆಯಾಗುತ್ತದೆ, ರಕ್ಷಣೆಯದ್ದಲ್ಲ. ವೈವಾಕ್ಸ್ ಪ್ರೋಟೀನು ಕೊಟ್ಟು ಸೈನೋಮೋಲ್ಗಿ ಹತ್ತಿಸಿದರೆ ಎರಡೂ ಕೆಡುತ್ತವೆ. ಮೂಲ ಪ್ರಸ್ತಾವದಲ್ಲಿ ಬರೆದಿದ್ದು ಈ ಮೂರನೆಯದೇ.

ತಂಡದ ಒಬ್ಬರು ನೌಲೆಸಿ ಬಳಸಿದರೆ ಬೇಗ ಉತ್ತರ ಸಿಗುತ್ತದೆ ಎಂದರು. ಪಶುವೈದ್ಯರು ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದರು. 4 ಕಿಲೋ ಕೋತಿಯಲ್ಲಿ ಕಿಲೋಗೆ ಸುಮಾರು 60 ಮಿ.ಲೀ. ಎಂದರೆ 240 ಮಿ.ಲೀ. ರಕ್ತ. ಮೈಕ್ರೋಲೀಟರಿಗೆ 50 ಲಕ್ಷ ಕೆಂಪುಕಣದಂತೆ ಒಟ್ಟು 1.2 ಲಕ್ಷ ಕೋಟಿ ಕಣ. ಅದರ ಶೇ. 1 ಅಂದರೆ 1,200 ಕೋಟಿ. 10,000 ಪರೋಪಜೀವಿಗಳನ್ನು ರಕ್ತನಾಳಕ್ಕೆ ಕೊಟ್ಟು, ಅವು ದಿನಕ್ಕೆ ಹತ್ತುಪಟ್ಟು ಆಗುತ್ತಾ ಹೋದರೆ ಆರನೇ ದಿನಕ್ಕೆ ಹೆಚ್ಚುಕಡಿಮೆ ಶೇ. 1, ಏಳನೇ ದಿನಕ್ಕೆ ಸುಮಾರು ಶೇ. 8. ಶೇ. 2ಕ್ಕೆ ಔಷಧ ಕೊಡುತ್ತೇವೆಂದು ಪ್ರಸ್ತಾವದಲ್ಲಿ ಬರೆದಿದ್ದರೂ, ಆ ಗೆರೆ ದಾಟುವುದು ಬೆಳಗಿನ ಸ್ಲೈಡಿಗೂ ಮರುದಿನದ ಸ್ಲೈಡಿಗೂ ನಡುವೆ. ಭಾನುವಾರ ಯಾರು ಬರುತ್ತಾರೆ? ರೀಸಸ್ ಕೋತಿ ನೌಲೆಸಿಯಿಂದ ಸಾಯುವುದು ಹೀಗೆಯೇ. ಬಾನೆಟ್‌ನಲ್ಲಿ ಹಾಗಾಗಲಿಕ್ಕಿಲ್ಲ ಎಂಬ ನಂಬಿಕೆಯ ಮೇಲೆ ಯೋಜನೆ ಮಾಡಲು ಅವರು ಒಪ್ಪಲಿಲ್ಲ.

ಹಳೆಯ ಕಥೆಗಳೂ ಮೇಜಿಗೆ ಬಂದವು. ಕೊಲಂಬಿಯಾದ ಎಸ್‌ಪಿಎಫ್66 ಲಸಿಕೆ 1987ರಲ್ಲಿ ಏಓಟಸ್ ಕೋತಿಗಳಲ್ಲಿ ಭರವಸೆ ಹುಟ್ಟಿಸಿ, 1990ರ ದಶಕದಲ್ಲಿ ಗ್ಯಾಂಬಿಯಾ ಮತ್ತು ಥಾಯ್ಲೆಂಡಿನ ಮಕ್ಕಳಲ್ಲಿ ಕೈಕೊಟ್ಟಿತು. ಫಾಲ್ಸಿಪಾರಮ್‌ನ ಎಂಎಸ್‌ಪಿ-1ರ 42 ಕಿಲೋಡಾಲ್ಟನ್ ತುಂಡು ಫ್ರಾಯ್ಂಡ್ಸ್ ಅಡ್ಜುವೆಂಟ್ ಜೊತೆ ಏಓಟಸ್‌ಗಳನ್ನು ಕಾಪಾಡಿತು. ಬೇರೆ ಅಡ್ಜುವೆಂಟ್ ಜೊತೆ ಕೆನ್ಯಾದ ಮಕ್ಕಳಿಗೆ ಕೊಟ್ಟಾಗ ಕಾಪಾಡಲಿಲ್ಲ. ಇದರ ಎದುರಿಗೆ ಇಡಬೇಕಾದ ಉದಾಹರಣೆಯೂ ಉಂಟು. ವಿಕಿರಣದಿಂದ ದುರ್ಬಲಗೊಳಿಸಿದ ಫಾಲ್ಸಿಪಾರಮ್ ಸ್ಪೊರೊಜೊಯಿಟ್ (ಸೊಳ್ಳೆ ಮೈಗೆ ಬಿಡುವ ರೂಪ) ಲಸಿಕೆಯನ್ನು ಚರ್ಮಕ್ಕೆ ಕೊಟ್ಟಾಗ ಮನುಷ್ಯರಲ್ಲಿ ಹೆಚ್ಚಿನ ಫಲ ಸಿಗಲಿಲ್ಲ. ರೀಸಸ್‌ನಲ್ಲಿ ನೇರ ರಕ್ತನಾಳಕ್ಕೆ ಕೊಟ್ಟಾಗ ಯಕೃತ್ತಿನಲ್ಲಿ ಸೋಂಕಿದ ಕೋಶವನ್ನು ಕೊಲ್ಲುವ ಸಿಡಿ8 ಟಿ ಕೋಶಗಳು ತುಂಬಿದ್ದು 2011ರಲ್ಲಿ ವರದಿಯಾಯಿತು. 2013ರಲ್ಲಿ ಅದೇ ದಾರಿಯಲ್ಲಿ ಐದು ಡೋಸ್ ಪಡೆದ ಆರು ಜನರಲ್ಲಿ ಆರೂ ಜನ ಸೋಂಕಿನಿಂದ ಪಾರಾದರು. ಆ ರೀಸಸ್‌ಗಳಿಗೆ ಫಾಲ್ಸಿಪಾರಮ್ ಹತ್ತುವುದೇ ಇಲ್ಲ, ಆದರೂ ಉತ್ತರ ಸಿಕ್ಕಿತು, ಯಾಕೆಂದರೆ ಕೇಳಿದ್ದು ಮದ್ದು ಯಾವ ದಾರಿಯಲ್ಲಿ ಹೋಗಬೇಕು ಎಂಬ ಪ್ರಶ್ನೆಯನ್ನು.

ಸೋಂಕು ಹತ್ತಿಸುವ ಭಾಗವನ್ನು ಪ್ರಸ್ತಾವದಿಂದ ಕಿತ್ತು ಹಾಕಿದರು. ಉಳಿದ ಪ್ರಶ್ನೆ ಒಂದೇ: ಆಲಂ ಸಾಕೇ, ಎಣ್ಣೆಯ ಅಡ್ಜುವೆಂಟೇ ಬೇಕೇ? ಫ್ರಾಯ್ಂಡ್ಸ್ ಪೂರ್ಣ ಅಡ್ಜುವೆಂಟ್ ಕೇಳಿದ್ದನ್ನು ಪಶುವೈದ್ಯರು ತಿರಸ್ಕರಿಸಿದರು. ಚುಚ್ಚಿದ ಜಾಗ ಗಂಟುಕಟ್ಟಿ ಒಡೆಯುವುದು ಒಂದು ಕಾರಣ. ಜೊತೆಗೆ ಅದರಲ್ಲಿ ಸತ್ತ ಮೈಕೋಬ್ಯಾಕ್ಟೀರಿಯಾ ಇರುವುದರಿಂದ ಆಮೇಲೆ ಆ ಕೋತಿಗೆ ಕ್ಷಯದ ಟ್ಯುಬರ್ಕ್ಯುಲಿನ್ ಪರೀಕ್ಷೆ ಮಾಡಿದರೆ ಸುಳ್ಳು ಪಾಸಿಟಿವ್ ಬರುತ್ತದೆ. ಕೋತಿಮನೆಯಲ್ಲಿ ಕ್ಷಯದ ಪರೀಕ್ಷೆ ಕುರುಡಾದರೆ ಇಡೀ ಗುಂಪಿಗೇ ಕುತ್ತು. ಬದಲಿಗೆ ಮಾಂಟನೈಡ್ ಐಎಸ್‌ಎ 720 ಒಪ್ಪಿದರು: ಎಣ್ಣೆ 70 ಪಾಲು, ಪ್ರೋಟೀನ್ ದ್ರಾವಣ 30 ಪಾಲು, ಎರಡು ಸಿರಿಂಜನ್ನು ಕನೆಕ್ಟರ್‌ನಿಂದ ಜೋಡಿಸಿ ಹಿಂದೆಮುಂದೆ ತಳ್ಳುತ್ತಾ ಬೆರೆಸುವುದು, ಸರಿಯಾಗಿ ಬೆರೆತಿದೆಯೇ ಎಂದು ತಣ್ಣೀರಿಗೆ ಒಂದು ಹನಿ ಬಿಟ್ಟು ನೋಡುವುದು, ಅವತ್ತು ಬೆರೆಸಿದ್ದನ್ನು ಅವತ್ತೇ ಚುಚ್ಚುವುದು. ಇಟ್ಟರೆ ಒಳಗಿನ ಪ್ರೋಟೀನು ಕೆಡುತ್ತದೆ.

ಶೂನ್ಯ ದಿನದ ಪ್ಲೇಟು

ಮೊದಲ ಡೋಸಿಗೆ ಮುಂಚೆ ಪ್ರತಿ ಕೋತಿಯಿಂದ 2 ಮಿ.ಲೀ. ರಕ್ತ ತೆಗೆದು ಎಲಿಸಾ (ಲಸಿಕೆಯ ಪ್ರೋಟೀನು ಹಚ್ಚಿದ ಪ್ಲೇಟಿನಲ್ಲಿ ಪ್ರತಿಕಾಯವಿದ್ದರೆ ಬಣ್ಣ ಬರುವ ಪರೀಕ್ಷೆ) ಮಾಡಿದರು. 1:100 ಸೀರಮ್‌ನಲ್ಲಿ ಒಂಬತ್ತು ಪ್ರಾಣಿಗಳ ಬಣ್ಣದ ಅಳತೆ 0.2ರ ಕೆಳಗೆ ನಿಂತಿತು. 4, 7, 11ನೇ ನಂಬರಿನವು 1.0 ದಾಟಿದವು. ಲಸಿಕೆ ಇನ್ನೂ ಫ್ರಿಜ್ಜಿನಲ್ಲೇ ಇತ್ತು.

ಪ್ಲೇಟು ಸರಿಯಾಗಿ ತೊಳೆದಿಲ್ಲ ಎಂದು ಟೆಕ್ನೀಷಿಯನ್ ಮೇಲೆ ಮೊದಲ ಅನುಮಾನ. ತೊಳೆಯುವುದನ್ನು ಐದು ಸಲಕ್ಕೆ ಏರಿಸಿದರೂ, ಪ್ಲೇಟಿನ ಖಾಲಿ ಜಾಗ ಮುಚ್ಚಲು ಹಾಲಿನಪುಡಿ ಬಿಟ್ಟು ಬಿಎಸ್‌ಎ ಹಾಕಿದರೂ ಪ್ಲೇಟಿನ ಅದೇ ಮೂರು ಗುಳಿಗಳು ಹಳದಿಯಾದವು. ಎರಡನೇ ಅನುಮಾನ ಈ-ಕೋಲಿ ಮೇಲೆ. ಕೋತಿಯ ಹೊಟ್ಟೆಯಲ್ಲಿ ಈ-ಕೋಲಿ ಇದ್ದೇ ಇರುತ್ತದೆ, ಅದರ ವಿರುದ್ಧ ಪ್ರತಿಕಾಯವೂ ಇರುತ್ತದೆ. ಪ್ರೋಟೀನಿನಲ್ಲಿ ಬ್ಯಾಕ್ಟೀರಿಯಾದ ಚೂರು ಉಳಿದಿದ್ದರೆ ಹೀಗಾಗಬಹುದು. ಅದೇ ಈ-ಕೋಲಿಯಲ್ಲಿ, ಅದೇ ಟ್ಯಾಗ್ ಹಾಕಿ ತಯಾರಿಸಿದ ಮಲೇರಿಯಾಗೆ ಸಂಬಂಧವಿಲ್ಲದ ಪ್ರೋಟೀನನ್ನು ಇನ್ನೊಂದು ಪ್ಲೇಟಿಗೆ ಹಚ್ಚಿದರು. ಹನ್ನೆರಡರಲ್ಲಿ ಯಾವುದಕ್ಕೂ ಬಣ್ಣ ಬರಲಿಲ್ಲ. ಮೂರು ಕೋತಿಗಳು ಎಂಎಸ್‌ಪಿ-1ನ್ನೇ ಗುರುತು ಹಿಡಿಯುತ್ತಿವೆ ಎನ್ನುವುದಕ್ಕೆ ಇಷ್ಟು ಸಾಕಿತ್ತು. ಈ ಸಂಬಂಧವಿಲ್ಲದ ಪ್ರೋಟೀನಿನ ಪ್ಲೇಟಿಗೆ ಅರ್ಧ ದಿನದ ಕೆಲಸ. ಮೊದಲ ದಿನವೇ ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಹಾಗಾದರೆ ಇದನ್ನು ಹೋಲುವ ಪ್ರೋಟೀನಿರುವ ಕೋತಿ ಮಲೇರಿಯಾ ಇತ್ತೇ? ಮೂರು ತಿಂಗಳ ಕ್ವಾರಂಟೈನ್ ಕಡತದಲ್ಲಿ ಹನ್ನೆರಡಕ್ಕೂ "ರಕ್ತ ಲೇಪನ: ನೆಗೆಟಿವ್" ಎಂದಿತ್ತು. ಆದರೆ ಅದು ಒಂದೇ ಸಲ ಮಾಡಿದ ತೆಳು ಲೇಪನ, ಸೂಕ್ಷ್ಮದರ್ಶಕದಲ್ಲಿ ನೂರು ಕ್ಷೇತ್ರ (ಒಮ್ಮೆಗೆ ಕಾಣುವ ವೃತ್ತ) ನೋಡಿದ್ದು. ಕ್ಷೇತ್ರಕ್ಕೆ 200 ಕೆಂಪುಕಣದಂತೆ 20,000 ಕಣ. ಮೈಕ್ರೋಲೀಟರಿಗೆ 20 ಪರೋಪಜೀವಿ ಇದ್ದರೆ ಎರಡೂವರೆ ಲಕ್ಷ ಕಣಕ್ಕೊಂದು ಸಿಗಬೇಕು. ಇಂಥ ಹನ್ನೆರಡು ಸ್ಲೈಡು ಪೂರ್ತಿ ನೋಡಿದರೆ ಒಂದು ಕಾಣಬಹುದು. ದಪ್ಪ ಲೇಪನದಲ್ಲಿ ನೂರು ಕ್ಷೇತ್ರಕ್ಕೆ ಹೆಚ್ಚುಕಡಿಮೆ ಕಾಲು ಮೈಕ್ರೋಲೀಟರ್ ರಕ್ತ ಬರುತ್ತದೆ, ಅದೇ ಕೋತಿಯಲ್ಲಿ ಲೆಕ್ಕಕ್ಕೆ ಐದು ಸಿಗಬೇಕು. ಬಣ್ಣ ಹಾಕುವಾಗ ಒಂದಷ್ಟು ತೊಳೆದುಹೋದರೂ ಎರಡು ಮೂರು ಕಂಡಾವು.

ಮೂರು ಕೋತಿಗಳ ಕಿವಿಯಂಚಿಗೆ ಸೂಜಿ ಚುಚ್ಚಿ ಆರು ದಿನ ಸತತವಾಗಿ ದಪ್ಪ ಲೇಪನ ತೆಗೆದರು. 72 ಗಂಟೆಯ ಚಕ್ರದ ಪರೋಪಜೀವಿಯಾದರೆ ಎರಡು ಸುತ್ತಾದರೂ ಕಾಣಬೇಕೆಂಬ ಎಣಿಕೆ. ಗೀಮ್ಸಾ ಬಣ್ಣ ಶೇ. 3, ಪಿಎಚ್ 7.2, 45 ನಿಮಿಷ. ಇಲ್ಲೊಂದು ಸಣ್ಣ ಎಡವಟ್ಟಾಯಿತು: ಮೊದಲ ದಿನ ಬಫರ್ ಬದಲು ಬೋರ್‌ವೆಲ್ ನೀರು ಬಳಸಿದ್ದರಿಂದ ಬಣ್ಣ ಕೆಟ್ಟು, ಪರೋಪಜೀವಿ ಯಾವುದು ಕಸ ಯಾವುದು ಗೊತ್ತಾಗಲಿಲ್ಲ. ಎರಡನೇ ದಿನದಿಂದ ಡಿಸ್ಟಿಲ್ಡ್ ನೀರಿನ ಬಫರ್ ಬಳಸಿದರು. ಮೂರನೇ ದಿನ 7ನೇ ನಂಬರಿನ ಸ್ಲೈಡಿನಲ್ಲಿ ಪರೋಪಜೀವಿ ಕಂಡಿತು. ಬೇರೆ ಯಾವುದರಲ್ಲೂ ಇಲ್ಲ. ಪಿಸಿಆರ್‌ನಲ್ಲಿ ಮಲೇರಿಯಾ ಪರೋಪಜೀವಿಯ 18ಎಸ್ ಜೀನ್ 4 ಮತ್ತು 7ರಲ್ಲಿ ಸಿಕ್ಕಿತು. ಸೀಕ್ವೆನ್ಸ್ ಮಾಡಿಸಿದಾಗ ಎರಡೂ ಇನೂಯಿ. 11ನೇ ನಂಬರು ಮೂರು ಸಲ ಮಾಡಿದರೂ ನೆಗೆಟಿವ್.

ಎಲ್ಲಿಂದ ಬಂತು?

ದಕ್ಷಿಣ ಭಾರತದಲ್ಲಿ ಕೋತಿಗಳ ಮಲೇರಿಯಾ ಹರಡುವುದು ಅನಾಫಿಲಿಸ್ ಎಲಿಗನ್ಸ್ ಎಂಬ ಮಲೆಕಾಡಿನ ಸೊಳ್ಳೆಯಿಂದ, ನೀಲಗಿರಿಯಲ್ಲಿ 1960ರ ದಶಕದಲ್ಲಿ ಗುರುತಿಸಿದ್ದು. ತುಮಕೂರು, ಕೋಲಾರದ ಬಯಲಿನಲ್ಲಿ ಮನುಷ್ಯರ ಮಲೇರಿಯಾ ಹರಡಿದ್ದು ಬಾವಿ, ಹಳ್ಳಗಳಲ್ಲಿ ಹುಟ್ಟುವ ಕ್ಯುಲಿಸಿಫೇಸಿಸ್ ಸೊಳ್ಳೆಯಿಂದ. ಕೋಲಾರದ ಕಾಮಸಮುದ್ರ ಭಾಗದಲ್ಲಿ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಹತೋಟಿಗೆ ತಂದಿದ್ದು ಅದನ್ನೇ. ಹುಣಸೆ, ಕಡಲೆಕಾಯಿ ಬೆಳೆಯುವ ಬಯಲಿನ ಕೋತಿಗೆ ಇನೂಯಿ ಹೇಗೆ?

ದಾಖಲೆ ಪುಸ್ತಕದಲ್ಲಿ ಮೂರರ ಎದುರಿಗೂ "ತುಮಕೂರು ಕಡೆ" ಎಂದಷ್ಟೇ ಬರೆದಿತ್ತು. ಸುಳಿವು ಕೊಟ್ಟಿದ್ದು ಕೋತಿಗಳಿಗೆ ಊಟ ಹಾಕುವ ಗುಬ್ಬಿ ಕಡೆಯ ಪಾಲಕ. "ಮೇಡಂ, ನಾಲ್ಕು, ಏಳು, ಹನ್ನೊಂದು ಮೂರೂ ಒಂದೇ ದಿವ್ಸ ಬಂದಿದ್ವು. ಯಾರೋ ಮಲ್ನಾಡಿಂದ ಲಾರೀಲಿ ತಂದು ಬೆಟ್ಟದ ಬುಡದಲ್ಲಿ ಬಿಟ್ಟಿದ್ದ ಗುಂಪಲ್ಲಿ ಹಿಡ್ದಿದ್ದು. ನಮ್ಮ್ ಕಡೆ ಕೋತಿ ಕಡ್ಲೆಕಾಯಿ ಬಿಡಿಸ್ಕೊಂಡು ತಿಂತವೆ, ಇವು ಮೊದಮೊದ್ಲು ಸಿಪ್ಪೆ ಸಮೇತ ಅಗೀತಿದ್ವು." ಕಡಲೆಕಾಯಿಯ ಸಾಕ್ಷಿ ಕಡತಕ್ಕೆ ಹತ್ತುವಂಥದ್ದಲ್ಲ. ಆದರೆ ಪುಸ್ತಕ ತೆಗೆದು ನೋಡಿದರೆ ಮೂರರ ತಾರೀಖೂ ಒಂದೇ ಆಗಿತ್ತು, ಅಲ್ಲೇ ಹುಟ್ಟಿದ ಮರಿಗಳೆಲ್ಲ ಪಿಸಿಆರ್‌ನಲ್ಲಿ ನೆಗೆಟಿವ್ ಆಗಿದ್ದವು. ಒಂದೂರಿನ ಕಾಟವನ್ನು ಲಾರಿಗೆ ತುಂಬಿ ಇನ್ನೊಂದೂರಿಗೆ ದಾಟಿಸಿದರೆ ಕೋತಿಯ ಜೊತೆ ಅದರ ರಕ್ತದಲ್ಲಿರುವುದೂ ದಾಟುತ್ತದೆ.

ಮಲೆನಾಡು ಎಂಬ ಮಾತು ಕೇಳಿದ್ದೇ ಪಶುವೈದ್ಯೆ ಇನ್ನೊಂದು ಕೆಲಸ ಮಾಡಿದರು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ. ಈ ಕೋತಿಗಳು ಬಂದು ವರ್ಷಗಳಾಗಿದ್ದರಿಂದ ಆ ಭಯ ಕಡಿಮೆ. ಆದರೂ ಮೂರರ ರಕ್ತದ ಕೆಲಸವನ್ನೆಲ್ಲ ಸುರಕ್ಷಾ ಕ್ಯಾಬಿನೆಟ್ಟಿಗೆ ಸರಿಸಿದರು, ಕಿಟಕಿಯ ಹರಿದ ಸೊಳ್ಳೆ ಜಾಲರಿ ತೆಗೆಸಿ ಅವತ್ತೇ ಹೊಸದು ಹಾಕಿಸಿದರು. ಕೋತಿ ಮಲೇರಿಯಾ ಮನುಷ್ಯರಿಗೆ ಬರುವುದಿಲ್ಲ ಎಂಬ ಮಾತು 1960ರಲ್ಲೇ ಸುಳ್ಳಾಗಿದೆ, ಅಮೆರಿಕದ ಪ್ರಯೋಗಾಲಯದಲ್ಲಿ ಸೈನೋಮೋಲ್ಗಿ ಹೊತ್ತ ಸೊಳ್ಳೆ ಕಚ್ಚಿ ಕೆಲಸಗಾರರಿಗೆ ಜ್ವರ ಬಂದಾಗ.

ಬಿಡುವುದೋ, ಗುಣಪಡಿಸಿ ಬಳಸುವುದೋ?

ತಂಡದ ಮುಖ್ಯಸ್ಥರಿಗೆ ಮೂರು ಪ್ರಾಣಿ ಬಿಡುವ ಮನಸ್ಸಿರಲಿಲ್ಲ. ಕ್ಲೋರೋಕ್ವಿನ್ ಕೊಟ್ಟು ಶುದ್ಧ ಮಾಡಿ ಬಳಸೋಣ, 11ನೆಯದು ಹೇಗೂ ನೆಗೆಟಿವ್ ಅಲ್ಲವೇ ಎಂದರು. ವಾದ ನಡೆದದ್ದು ಇಲ್ಲೇ. ಚೀಟಿ ಎತ್ತಿದಾಗ 4 ಮತ್ತು 11 ಆಲಂ ಗುಂಪಿಗೆ ಬಿದ್ದಿದ್ದವು, 7 ಬರೀ ಅಡ್ಜುವೆಂಟ್ ಗುಂಪಿಗೆ.

ಹಳೆಯ ಸೋಂಕು ಎಂದರೆ ಪ್ರಕೃತಿ ಕೊಟ್ಟ ಮೊದಲ ಡೋಸು. ಆ ಕೋತಿಗೆ ನಮ್ಮ ಮೊದಲ ಚುಚ್ಚು ಬೂಸ್ಟರ್ ಆಗಿ ಕೆಲಸ ಮಾಡುತ್ತದೆ. ಒಂದು ಉದಾಹರಣೆಗೆ, ಆಲಂ ಗುಂಪಿನ ನಿಜವಾದ ಟೈಟರ್ (ಪ್ರತಿಕಾಯದ ಮಟ್ಟ) 800 ಇರಲಿ, ಹಳೆಯ ಸೋಂಕಿನ ಎರಡು ಕೋತಿಗಳದ್ದು 51,200ಕ್ಕೆ ಏರಲಿ. ನಾಲ್ಕರ ಜ್ಯಾಮಿತೀಯ ಸರಾಸರಿ 6,400, ಎಂದರೆ ಎಂಟು ಪಟ್ಟು. ಆಲಂ ಅಗ್ಗ, ಮನುಷ್ಯರಿಗೆ ಕೊಟ್ಟು ಅಭ್ಯಾಸವಿರುವಂಥದ್ದು. ಅಂಥ ಅಂಕಿ ಬಂದಿದ್ದರೆ ಎಲ್ಲರೂ ಖುಷಿಯಿಂದ ಆಲಂ ಆರಿಸಿ ಮುಂದೆ ಹೋಗುತ್ತಿದ್ದರು, ತಪ್ಪು ಬಯಲಾಗುವುದು ಮನುಷ್ಯರ ಮೊದಲ ಹಂತದ ಪರೀಕ್ಷೆಯಲ್ಲಿ. 11ನೇ ನಂಬರಿನ ಪಿಸಿಆರ್ ನೆಗೆಟಿವ್ ಎನ್ನುವುದು ಈಗ ರಕ್ತದಲ್ಲಿ ಪರೋಪಜೀವಿ ಸಿಗುತ್ತಿಲ್ಲ ಎಂದಷ್ಟೇ ಹೇಳುತ್ತದೆ. ನೆನಪಿನ ಕೋಶಗಳ ವಿಷಯ ಅದಕ್ಕೆ ಗೊತ್ತಿಲ್ಲ.

ಮೂರನ್ನೂ ಕೈಬಿಟ್ಟು ಒಂಬತ್ತರಲ್ಲೇ ಮಾಡುವುದೆಂದು ತೀರ್ಮಾನವಾಯಿತು. ಮೂರು ಮೂರರಂತೆ ಹಂಚುವ ಬದಲು ಆಲಂಗೆ ನಾಲ್ಕು, ಮಾಂಟನೈಡ್‌ಗೆ ನಾಲ್ಕು, ಬರೀ ಅಡ್ಜುವೆಂಟ್‌ಗೆ ಒಂದು. ಪ್ರತಿ ಪ್ರಾಣಿಯ ಶೂನ್ಯ ದಿನದ ಸೀರಮ್ಮೇ ಅದರ ಕಂಟ್ರೋಲ್ ಆಗಿರುವಾಗ ನಾಲ್ಕು ಕೋತಿಗಳಿಗೆ ಬರೀ ಎಣ್ಣೆ ಚುಚ್ಚುವ ಅಗತ್ಯ ಮೊದಲೂ ಇರಲಿಲ್ಲ. ತೊಂದರೆ ಬಾರದಿದ್ದರೆ ಯಾರೂ ಅದನ್ನು ಕೇಳುತ್ತಿರಲಿಲ್ಲ. ಬದಲಾದ ವಿನ್ಯಾಸವನ್ನು ಮತ್ತೆ ಸಮಿತಿಗೆ ಕಳಿಸಿ ಒಪ್ಪಿಗೆ ಪಡೆಯಲು ಹಿಡಿದ ಕಾಲ ಪ್ರಯೋಗಕ್ಕಿಂತ ಹೆಚ್ಚು.

ಫಲಿತಾಂಶ ಸರಳ. ಆಲಂ ಗುಂಪಿನಲ್ಲಿ ಎರಡನೇ ಡೋಸಿನ ನಂತರವೂ ಪ್ರತಿಕಾಯ ಕೆಳಮಟ್ಟದಲ್ಲೇ ಉಳಿಯಿತು, ಮೂರನೆಯದರ ನಂತರ ಸ್ವಲ್ಪ ಏರಿ ಬೇಗ ಇಳಿಯಿತು. ಮಾಂಟನೈಡ್ ಗುಂಪು ನಾಲ್ಕೂ ಎರಡನೇ ಡೋಸಿಗೇ ಏರಿದವು. ಒಂದಕ್ಕೆ ತೊಡೆಯಲ್ಲಿ ನಿಂಬೆಹಣ್ಣಿನಷ್ಟು ಗಂಟಾಗಿ ಐದು ವಾರದಲ್ಲಿ ಕರಗಿತು. ಆಲಂ ಜೊತೆ ಮನುಷ್ಯರಿಗೆ ಹೋಗುವ ಯೋಜನೆ ಅಲ್ಲಿಗೆ ನಿಂತಿತು. ಇಷ್ಟನ್ನು ತಿಳಿಯಲು ಯಾವ ಕೋತಿಗೂ ಮಲೇರಿಯಾ ಹತ್ತಿಸಬೇಕಾಗಿ ಬರಲಿಲ್ಲ.

ಆ ಮೂರು

ಸೋಂಕಿದ್ದ 4 ಮತ್ತು 7ಕ್ಕೆ ಕ್ಲೋರೋಕ್ವಿನ್ ಕಿಲೋಗೆ 10 ಮಿ.ಗ್ರಾಂ.ನಂತೆ ಮೂರು ದಿನ ಬರೆದುಕೊಟ್ಟರು. ಇನೂಯಿ ಯಕೃತ್ತಿನಲ್ಲಿ ನಿದ್ರಿಸುವ ಜಾತಿಯಲ್ಲ, ಆದ್ದರಿಂದ ಪ್ರಿಮಾಕ್ವಿನ್ ಬೇಕಿರಲಿಲ್ಲ. ಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಹುದುಗಿಸಿ ಕೊಟ್ಟರು. ಎರಡೂ ಗಬಕ್ಕನೆ ಬಾಯಿಗೆ ಹಾಕಿಕೊಂಡವು. ಪುಸ್ತಕದಲ್ಲಿ ಮೂರು ದಿನವೂ ಟಿಕ್ ಬಿತ್ತು.

ಎರಡು ತಿಂಗಳಿಗೆ 4 ನೆಗೆಟಿವ್. 7 ಮತ್ತೆ ಪಾಸಿಟಿವ್. ಔಷಧಕ್ಕೆ ಬಗ್ಗದ ತಳಿಯೇ ಎಂದು ಚರ್ಚೆ ಶುರುವಾಯಿತು. ಪಂಜರದ ತಟ್ಟೆ ತೊಳೆಯುವ ಪಾಲಕ ಮೂಲೆಯಲ್ಲಿ ಬಿಳಿ ಚೂರುಗಳನ್ನು ಕಂಡಿದ್ದನಂತೆ, ಸುಣ್ಣವೆಂದುಕೊಂಡು ಗುಡಿಸಿ ಹಾಕಿದ್ದ. ಮಕಾಕ್‌ಗೆ ಕೆನ್ನೆಯೊಳಗೆ ಚೀಲವಿದೆ. ಹಣ್ಣನ್ನು ಅಲ್ಲಿ ತುಂಬಿಕೊಂಡು ನಿಧಾನವಾಗಿ ತಿನ್ನುತ್ತದೆ, ಕಹಿ ಸಿಕ್ಕಿದರೆ ಯಾರೂ ಇಲ್ಲದಾಗ ಉಗಿಯುತ್ತದೆ. ಎರಡನೇ ಸಲ ಮಾತ್ರೆ ಪುಡಿಮಾಡಿ ಬೆಲ್ಲದ ಪಾಕದಲ್ಲಿ ಕಲಸಿದರು. ಹಿಂಗೋಡೆಯನ್ನು ಮುಂದಕ್ಕೆ ಎಳೆಯುವ ಪಂಜರದಲ್ಲಿ ಕೋತಿಯನ್ನು ಅಲುಗದಂತೆ ನಿಲ್ಲಿಸಿ, ಸಿರಿಂಜಿನಿಂದ ನಾಲಿಗೆಯ ಹಿಂಭಾಗಕ್ಕೆ ಸ್ವಲ್ಪ ಸ್ವಲ್ಪವೇ ಬಿಟ್ಟರು. ಹತ್ತು ನಿಮಿಷ ಎದುರಿಗೇ ಕೂತು, ಎರಡೂ ಕೆನ್ನೆಯನ್ನು ಹೊರಗಿನಿಂದ ಒತ್ತಿ ನೋಡಿದ ಮೇಲೆ ಟಿಕ್. ಆಮೇಲಿನ ಪಿಸಿಆರ್‌ಗಳಲ್ಲಿ 7 ನೆಗೆಟಿವ್ ಆಗಿಯೇ ಉಳಿಯಿತು.

ಮೂರೂ ಈಗ ಪ್ರಯೋಗದ ಪಟ್ಟಿಯಿಂದ ಹೊರಗಿವೆ, ಜಾಲರಿ ಹಾಕಿದ ದೊಡ್ಡ ಆವರಣದಲ್ಲಿ ಒಟ್ಟಿಗಿವೆ. ಅವುಗಳ ಸೀರಮ್ ಮಾತ್ರ ಪ್ರತಿ ಹೊಸ ಎಲಿಸಾ ಪ್ಲೇಟಿನ ಕೊನೆಯ ಸಾಲಿನಲ್ಲಿ ಪಾಸಿಟಿವ್ ಕಂಟ್ರೋಲ್ ಆಗಿ ಇರುತ್ತದೆ. ದಾಖಲೆ ಪುಸ್ತಕದಲ್ಲಿ "ಎಲ್ಲಿಂದ" ಎಂಬ ಅಂಕಣ ಈಗ ಮೂರು ಸಾಲಿನದು: ಹಿಡಿದ ಜಾಗ, ಅದಕ್ಕೂ ಮೊದಲು ಇದ್ದ ಜಾಗ, ಹೇಳಿದವರು ಯಾರು. 4, 7, 11ರ ಎದುರಿಗೆ ಎರಡನೇ ಸಾಲಿನಲ್ಲಿ "ಮಲೆನಾಡು, ಊರು ತಿಳಿದಿಲ್ಲ" ಎಂದಿದೆ, ಮೂರನೆಯದರಲ್ಲಿ ಪಾಲಕನ ಸಹಿ.